ಡ್ರೋನ್ ಲೈಡಾರ್, ಡ್ರೋನ್ ಫೋಟೊ, ಟೋಟಲ್ ಸ್ಟೇಷನ್: ನಮ್ಮ ಸೀಮೆಯ ರಸ್ತೆ ಸರ್ವೆಗೆ ಯಾವುದು?

ರಸ್ತೆ ಸರ್ವೆಗೆ ಕೊಟೇಶನ್ ಕರೆದರೆ ಈಗ ಮೂರು ಬಗೆಯವು ಟೇಬಲ್ಲಿಗೆ ಬರುತ್ತವೆ. ಒಬ್ಬರು ಟೋಟಲ್ ಸ್ಟೇಷನ್ (ಮುಕ್ಕಾಲಿಯ ಮೇಲೆ ನಿಲ್ಲಿಸಿ ಕೋನ, ದೂರ ಅಳೆಯುವ ಯಂತ್ರ) ಇಟ್ಟು ನಡೆದೇ ಅಳೆಯುತ್ತೇವೆ ಅನ್ನುತ್ತಾರೆ. ಇನ್ನೊಬ್ಬರು ಡ್ರೋನಿನಲ್ಲಿ ಫೋಟೊ ತೆಗೆದು ಕಾಂಟೂರ್ (ಸಮ ಎತ್ತರದ ಗೆರೆಗಳ ನಕ್ಷೆ) ಕೊಡುತ್ತೇವೆ ಅನ್ನುತ್ತಾರೆ. ಮೂರನೆಯವರು ಅದೇ ಡ್ರೋನಿಗೆ ಲೇಸರ್ ಕಟ್ಟಿ, ಲೈಡಾರ್ ಎಂದು ಹೇಳಿ, ದರ ಏರಿಸಿರುತ್ತಾರೆ. ಮೂವರ ಕಾಗದದಲ್ಲೂ ‘5 ಸೆಂ.ಮೀ. ಅಕ್ಯುರಸಿ’ ಎಂದೇ ಇರುತ್ತದೆ. ಎಲ್ಲರದ್ದೂ ಒಂದೇ ಅಂದ ಮೇಲೆ ಕಡಿಮೆ ದರದವರಿಗೇ ಕೊಡೋಣ ಎಂದು ಫೈಲ್ ಮುಂದಕ್ಕೆ ಹೋಗುತ್ತದೆ. ಆ 5 ಸೆಂ.ಮೀ. ಯಾವುದರ ಮೇಲೆ ಎಂದು ಕೇಳುವವರು ಅಪರೂಪ. ಡಾಂಬರಿನ ಮೇಲೋ, ಬದುವಿನ ಹುಲ್ಲಿನ ಮೇಲೋ, ಎದೆಮಟ್ಟ ಬೆಳೆದ ಮೆಕ್ಕೆಜೋಳದ ಹೊಲದಲ್ಲೋ?

ಹರಿಹರದಿಂದ ಹೊರಟು ದಾವಣಗೆರೆ ದಾಟಿ ಚಿತ್ರದುರ್ಗ ಮುಟ್ಟುವಷ್ಟರಲ್ಲಿ ನೆಲ ನಾಲ್ಕು ಥರ ಆಗುತ್ತದೆ. ಭದ್ರಾ ನಾಲೆಯ ಗದ್ದೆ, ಎರೆಹೊಲ, ಬಳ್ಳಾರಿ ಜಾಲಿ ತುಂಬಿದ ಗೋಮಾಳ, ಕೊನೆಗೆ ಬಂಡೆಗುಡ್ಡ. ಚನ್ನಗಿರಿ ಅಥವಾ ಹೊಳಲ್ಕೆರೆ ಕಡೆ ಹೊರಳಿದರೆ ಅಡಿಕೆ ತೋಟ. ಇಷ್ಟಕ್ಕೂ ಒಂದೇ ಯಂತ್ರ ಸಾಕು ಅನ್ನುವವರನ್ನು ನಾನು ನಂಬುವುದಿಲ್ಲ. ಯಾವ ಸರ್ವೆ ಎಂದು ತೀರ್ಮಾನಿಸುವ ಮೊದಲು ಎರಡು ಪ್ರಶ್ನೆಗೆ ಉತ್ತರ ಸಿಗಬೇಕು: ನೆಲದ ಮೇಲೆ ಏನು ಬೆಳೆದಿದೆ? ಸಿಕ್ಕ ಲೆವೆಲ್ (ನೆಲದ ಎತ್ತರ) ಹಿಡಿದು ಮುಂದೆ ಏನು ನಿರ್ಧಾರ ಮಾಡಬೇಕಿದೆ?

ಲೇಸರ್ ಮಾಡುವುದೇನು

ಲೈಡಾರ್ ಪೆಟ್ಟಿಗೆ ಸೆಕೆಂಡಿಗೆ ಲಕ್ಷಗಟ್ಟಲೆ ಲೇಸರ್ ಮಿಡಿತ ಬಿಡುತ್ತದೆ. ಒಂದೊಂದು ಮಿಡಿತವೂ ನೆಲಕ್ಕೆ ಹೋಗಿ ಬರಲು ಎಷ್ಟು ಹೊತ್ತು ಹಿಡಿಯಿತು ಎಂಬುದರಿಂದ ದೂರ ಲೆಕ್ಕವಾಗುತ್ತದೆ. ಕಾಲದ ಅಳತೆ ಒಂದು ನ್ಯಾನೊ ಸೆಕೆಂಡ್ ಹೆಚ್ಚುಕಡಿಮೆ ಆದರೆ ದೂರ 15 ಸೆಂ.ಮೀ. ತಪ್ಪುತ್ತದೆ, ಆದ್ದರಿಂದ ಗಡಿಯಾರ ಅಷ್ಟು ಸೂಕ್ಷ್ಮ ಇರಲೇಬೇಕು. ಆ ಕ್ಷಣ ಡ್ರೋನ್ ಎಲ್ಲಿತ್ತು ಎಂದು ಜಿಪಿಎಸ್ ಥರದ ಉಪಗ್ರಹ ವ್ಯವಸ್ಥೆಯಾದ ಜಿಎನ್‌ಎಸ್‌ಎಸ್ ಹೇಳುತ್ತದೆ, ಯಾವ ಕಡೆ ಎಷ್ಟು ವಾಲಿತ್ತು ಎಂದು ವಾಲುವಿಕೆ ಅಳೆಯುವ ಸೆನ್ಸರ್ ಆದ ಐಎಂಯು ಹೇಳುತ್ತದೆ. ಮೂರೂ ಕೂಡಿದರೆ ನೆಲದ ಮೇಲೊಂದು ಬಿಂದು. ಇಂಥ ಕೋಟಿಗಟ್ಟಲೆ ಬಿಂದುಗಳ ರಾಶಿಗೆ ಪಾಯಿಂಟ್ ಕ್ಲೌಡ್ ಅನ್ನುತ್ತಾರೆ.

ಕೊಟೇಶನ್ನಿನಲ್ಲಿ ಲೇಸರ್ ಪೆಟ್ಟಿಗೆಯ ಹೆಸರು ದಪ್ಪ ಅಕ್ಷರದಲ್ಲಿರುತ್ತದೆ, ಐಎಂಯು ಬಗ್ಗೆ ಒಂದು ಸಾಲೂ ಇರುವುದಿಲ್ಲ. ಕೋನದಲ್ಲಿ 0.01 ಡಿಗ್ರಿ ತಪ್ಪಿದರೆ 100 ಮೀಟರ್ ಎತ್ತರದಿಂದ ಬಿಂದು ಸುಮಾರು 1.7 ಸೆಂ.ಮೀ. ಪಕ್ಕಕ್ಕೆ ಸರಿಯುತ್ತದೆ. 1000 ಮೀಟರ್ ಎತ್ತರದ ವಿಮಾನದಿಂದ ಅದೇ ತಪ್ಪು 17 ಸೆಂ.ಮೀ. ಆಗುತ್ತದೆ. ವಿಮಾನದ ಉಪಕರಣಕ್ಕೆ ಅಷ್ಟೊಂದು ಬೆಲೆ ಬರುವುದರಲ್ಲಿ ಈ ಕೋನದ ಪಾಲು ದೊಡ್ಡದು. ಅಗ್ಗದ ಡ್ರೋನ್ ಲೈಡಾರ್ ಕೆಳಮಟ್ಟದಲ್ಲಿ ಹಾರಿದಷ್ಟೇ ಒಳ್ಳೆಯದು ಅನ್ನುವುದಕ್ಕೂ ಇದೇ ಕಾರಣ.

ಫೋಟೊ ಸರ್ವೆಯ ದಾರಿ ಬೇರೆ. ಒಂದರ ಮೇಲೊಂದು ನೂರಕ್ಕೆ 75–80 ಭಾಗ ಹೊದ್ದುಕೊಳ್ಳುವ ಹಾಗೆ ಚಿತ್ರ ತೆಗೆದು, ಒಂದೇ ಜಾಗ ಹಲವು ಚಿತ್ರಗಳಲ್ಲಿ ಎಲ್ಲೆಲ್ಲಿ ಕಂಡಿದೆ ಎಂದು ಹುಡುಕಿ ಸಾಫ್ಟ್‌ವೇರ್ ಎತ್ತರ ಕಟ್ಟುತ್ತದೆ. ಅಂದರೆ ನೆಲ ಕಣ್ಣಿಗೆ ಕಾಣಲೇಬೇಕು, ಅದೂ ಬೇರೆ ಬೇರೆ ಕೋನದಿಂದ. ಲೇಸರಿಗೆ ಒಂದೇ ಕೋನದಿಂದ ಒಂದು ಸಂದಿ ಸಿಕ್ಕರೆ ಸಾಕು. ಎರಡರ ದರದ ವ್ಯತ್ಯಾಸ ನೀವು ಕೊಡುವುದು ಈ ಸಂದಿಗೇ. ಸಂದಿಯ ಗರಜೇ ಇಲ್ಲದ ಬೋಳು ನೆಲದಲ್ಲಿ ಆ ದುಡ್ಡು ದಂಡ.

ಅಡಿಕೆ, ಜಾಲಿ, ಭತ್ತ, ಬಂಡೆ

ಚನ್ನಗಿರಿ ಕಡೆಯ ಅಡಿಕೆ ತೋಟದ ಲೈಡಾರ್ ಡೇಟಾದಿಂದ ಒಂದು ಮೀಟರ್ ಅಗಲದ ಸೀಳು ತೆಗೆದು ಸ್ಕ್ರೀನಿನಲ್ಲಿ ಅಡ್ಡಲಾಗಿ ನೋಡಿ. ಮೇಲೆ ಹನ್ನೆರಡು–ಹದಿನೈದು ಮೀಟರಿನಲ್ಲಿ ಸೋಗೆಗಳ ಚುಕ್ಕೆರಾಶಿ ದಟ್ಟವಾಗಿ ಇರುತ್ತದೆ. ಕೆಳಗೆ ಕಾಂಡದ ಜಾಗದಲ್ಲಿ ಅಲ್ಲೊಂದು ಇಲ್ಲೊಂದು ಚುಕ್ಕೆ. ನಡುವೆ ಬಾಳೆ ಹಾಕಿದ್ದರೆ ಮೂರು ಮೀಟರಿನ ಆಸುಪಾಸಿನಲ್ಲಿ ಇನ್ನೊಂದು ಪದರ. ಅದಕ್ಕೂ ಕೆಳಗೆ, ತೆಳ್ಳಗೆ ಆದರೆ ಎಲ್ಲೂ ತುಂಡಾಗದೆ, ನೆಲದ ಗೆರೆ. ಆ ಗೆರೆಯಲ್ಲಿ ಬಸಿಗಾಲುವೆಯ ತಗ್ಗು ಕೂಡ ಗೊತ್ತಾಗುತ್ತದೆ. ಚದರ ಮೀಟರಿಗೆ 100 ಮಿಡಿತ ಬಿಟ್ಟು ಅದರಲ್ಲಿ ಹತ್ತೇ ನೆಲ ಮುಟ್ಟಿದರೂ ರಸ್ತೆಯ ದಾರಿ, ಅಂದರೆ ಅಲೈನ್‌ಮೆಂಟ್ ಎಳೆಯಲು ಧಾರಾಳ ಸಾಕು. ಅದೇ ತೋಟವನ್ನು ಫೋಟೊ ಸರ್ವೆಗೆ ಕೊಟ್ಟರೆ ಸೋಗೆಯ ಮೇಲ್ಭಾಗವೇ ನೆಲ ಎಂದು ಬರುತ್ತದೆ, ಇಲ್ಲವೇ ನಡುವೆ ಕಲ್ಪಿಸಿಕೊಂಡ ಇಳಿಜಾರು ಬರುತ್ತದೆ. ಟೋಟಲ್ ಸ್ಟೇಷನ್ನಿಗೆ ಸಾಲಿನ ಸಂದಿಯಲ್ಲೇ ನೋಟ ಸಿಗಬೇಕು, ಹತ್ತು ಹೆಜ್ಜೆಗೊಮ್ಮೆ ಸ್ಟೇಷನ್ ಬದಲಿಸಬೇಕು. ಜೊತೆಗೆ ತೋಟದವರ ಜಗಳ ಬೇರೆ. ರಸ್ತೆ ಇಲ್ಲೇ ಬರುತ್ತದೆ ಎಂಬ ಸುದ್ದಿ ಪ್ರಿಸಂ ಕೋಲಿಗಿಂತ (ಟೋಟಲ್ ಸ್ಟೇಷನ್ ಗುರಿಯಿಡುವ ಕೋಲು) ಮುಂಚೆ ಊರು ತಲುಪಿರುತ್ತದೆ. ಅಡಿಕೆ ಸೀಮೆಗೆ ನನ್ನ ಮಟ್ಟಿಗೆ ಲೈಡಾರೇ ಸರಿ, ಇದರಲ್ಲಿ ಎರಡನೇ ಮಾತಿಲ್ಲ.

ಲೇಸರ್ ಇಳಿಯುತ್ತದೋ ಇಲ್ಲವೋ ಎಂದು ಸ್ಥಳದಲ್ಲೇ ತಿಳಿಯಲು ಸುಲಭದ ಪರೀಕ್ಷೆ ಇದೆ. ನಡು ಮಧ್ಯಾಹ್ನ ಗಿಡದ ಕೆಳಗೆ ನಿಂತು ನೋಡಿ. ನೆಲದ ಮೇಲೆ ಬಿಸಿಲಿನ ಚುಕ್ಕೆಗಳಿದ್ದರೆ ಲೇಸರ್ ಕೂಡ ಇಳಿಯುತ್ತದೆ. ಪೂರಾ ನೆರಳಿದ್ದರೆ ಯಾವ ಯಂತ್ರ ತಂದರೂ ಅನುಮಾನ.

ಚಳ್ಳಕೆರೆ, ಹಿರಿಯೂರು ಕಡೆ ಕೆರೆಯಂಗಳದಲ್ಲಿ, ಹಳ್ಳದ ದಂಡೆಯಲ್ಲಿ ಬೆಳೆದ ಬಳ್ಳಾರಿ ಜಾಲಿ ಈ ಪರೀಕ್ಷೆಯಲ್ಲಿ ನಡುವೆ ನಿಲ್ಲುತ್ತದೆ. ಎಲೆ ಸಣ್ಣದು, ಬೆಳಕು ಇಳಿಯುತ್ತದೆ. ಆದರೆ ಬುಡದಲ್ಲಿ ಕೊಂಬೆ ನೆಲಕ್ಕೇ ಹರಡಿರುತ್ತದೆ. ನೆಲದಿಂದ ಅರ್ಧ ಅಡಿ ಮೇಲಿನ ಕೊಂಬೆಯನ್ನೂ ನೆಲವನ್ನೂ ಬೇರೆ ಮಾಡುವುದು ಸಾಫ್ಟ್‌ವೇರಿಗೆ ಕಷ್ಟ. ಹಾಗಿದ್ದರೂ ಮುಳ್ಳು ಕಡಿಸಿ ಲೈನ್ ತೆರೆದು ನಡೆದು ಅಳೆಯುವುದಕ್ಕಿಂತ ಲೈಡಾರ್ ವಾಸಿ. ಗಿಡ ಮೀಸಲು ಅರಣ್ಯದ್ದಾದರೆ ಅನುಮತಿಯಿಲ್ಲದೆ ಕಡಿಯುವಂತೆಯೂ ಇಲ್ಲ. ಜೋಗಿಮಟ್ಟಿ ಅಂಚಿನಲ್ಲಾಗಲಿ, ಜಗಳೂರಿನ ರಂಗಯ್ಯನದುರ್ಗದ ಕೊಂಡುಕುರಿ ಅಭಯಾರಣ್ಯದ ಬಳಿಯಾಗಲಿ ಕೆಲಸ ಬಂದರೆ ಇದು ಮೊದಲ ದಿನವೇ ಎದುರಾಗುವ ಮಾತು.

ಗದ್ದೆ ಕಥೆ ಬೇರೆ. ಒತ್ತಾಗಿ ನಿಂತ ಭತ್ತದ ಪೈರಿನಲ್ಲಿ ಲೇಸರ್ ಕೂಡ ತಳ ಮುಟ್ಟುವುದು ಕಡಿಮೆ. ನೀರು ನಿಂತ ಗದ್ದೆಯಲ್ಲಿ ಸಾಮಾನ್ಯ ಲೈಡಾರಿನ ಇನ್‌ಫ್ರಾರೆಡ್ ಬೆಳಕು ನೀರಿಗೆ ಬಿದ್ದು ಬಹುತೇಕ ವಾಪಸ್ಸು ಬರುವುದಿಲ್ಲ, ಡೇಟಾದಲ್ಲಿ ತೂತು ಬೀಳುತ್ತದೆ. ತೂತು ಕಣ್ಣಿಗೆ ಕಾಣುವುದರಿಂದ ಪರವಾಗಿಲ್ಲ. ಪೈರಿನ ತುದಿಯೇ ನೆಲ ಎಂದು ದಾಖಲಾದರೆ ಯಾರಿಗೂ ಗೊತ್ತಾಗುವುದಿಲ್ಲ, ಅದು ಹೆಚ್ಚು ಅಪಾಯ. ಲೆಕ್ಕ ಹಾಕಿ ನೋಡಿ. ಏರಿಯ ಬುಡ 25 ಮೀಟರ್ ಅಗಲ ಇರುವ ರಸ್ತೆಯಲ್ಲಿ, ಒಂದು ಕಿ.ಮೀ. ಉದ್ದಕ್ಕೆ ನೆಲದ ಮಟ್ಟ 10 ಸೆಂ.ಮೀ. ತಪ್ಪಿದರೆ 2,500 ಘನ ಮೀಟರ್ ಮಣ್ಣು. ಹತ್ತು ಘನ ಮೀಟರಿನ ಟಿಪ್ಪರಿನಲ್ಲಿ 250 ಲೋಡು. ಪೈರಿನಿಂದ ತಪ್ಪು ಅರ್ಧ ಮೀಟರ್ ಆದರೆ 12,500 ಘನ ಮೀಟರ್. ಇದ್ದದ್ದಕ್ಕಿಂತ ನೆಲ ಎತ್ತರ ಎಂದು ತೋರಿಸಿದ್ದರಿಂದ ಎಸ್ಟಿಮೇಟಿನಲ್ಲಿ ಮಣ್ಣು ಕಡಿಮೆ ಬಿದ್ದಿರುತ್ತದೆ, ಕೆಲಸ ಶುರುವಾದ ಮೇಲೆ ಗುತ್ತಿಗೆದಾರರಿಂದ ಹೆಚ್ಚುವರಿ ಬಿಲ್ಲು ಬರುತ್ತದೆ. ಇದಕ್ಕೆ ಮದ್ದು ದುಬಾರಿ ಯಂತ್ರದಲ್ಲಿಲ್ಲ, ಕ್ಯಾಲೆಂಡರಿನಲ್ಲಿದೆ. ಮಳೆಗಾಲದ ಬೆಳೆ ಕೊಯ್ದು, ಬೇಸಿಗೆ ಬೆಳೆಗೆ ನಾಲೆಯಲ್ಲಿ ನೀರು ಬಿಡುವ ಮುಂಚಿನ ಕೆಲವು ವಾರಗಳಲ್ಲಿ ಹಾರಿಸಿ. ಆಗ ಗದ್ದೆ ಬೋಳಾಗಿರುತ್ತದೆ, ಅಗ್ಗದ ಫೋಟೊ ಸರ್ವೆಯೇ ಚೆನ್ನಾಗಿ ಬರುತ್ತದೆ. ಮೆಕ್ಕೆಜೋಳದ ಹೊಲಕ್ಕೂ ಇದೇ ಮಾತು: ಸೆಪ್ಟೆಂಬರಿನಲ್ಲಿ ಹಾರಿಸಿದರೆ ದುಡ್ಡು ಕೊಟ್ಟು ತೆನೆ ಎಣಿಸಿದ ಹಾಗೆ.

ಇನ್ನು ಬಂಡೆ. ಚಿತ್ರದುರ್ಗದ ಸುತ್ತ ಇದನ್ನು ಯಾರೂ ಕೊಟೇಶನ್ನಿನಲ್ಲಿ ಬರೆಯುವುದಿಲ್ಲ, ನನಗೆ ಎಲ್ಲಕ್ಕಿಂತ ಹೆಚ್ಚು ತಲೆನೋವು ಅನ್ನಿಸುವುದು ಇದೇ. ಪಾಯಿಂಟ್ ಕ್ಲೌಡಿನಿಂದ ಗಿಡ, ಮನೆ, ಕಂಬ ತೆಗೆದು ಬರೀ ನೆಲ ಉಳಿಸುವ ಫಿಲ್ಟರ್ ಇರುತ್ತದೆ. ಅಕ್ಕಪಕ್ಕದ ನೆಲದಿಂದ ತಟ್ಟನೆ ಮೇಲೆದ್ದದ್ದನ್ನು ಅದು ‘ನೆಲವಲ್ಲ’ ಎಂದು ತೆಗೆದುಹಾಕುತ್ತದೆ. ಸಮತಟ್ಟು ಸೀಮೆಗೆ ಹೇಳಿ ಮಾಡಿಸಿದ ಸೆಟ್ಟಿಂಗನ್ನೇ ಕೋಟೆ ಸುತ್ತಿನ ಗುಡ್ಡಕ್ಕೂ ಹಾಕಿದರೆ, ಮನೆಗಾತ್ರದ ಕಲ್ಲುಗುಂಡು ನಿಜಕ್ಕೂ ಮನೆಯೆಂದೇ ಎಣಿಕೆಯಾಗಿ ಮಾಯವಾಗುತ್ತದೆ. ಡಿಸೈನಿನಲ್ಲಿ ಅಲ್ಲಿ ನುಣ್ಣನೆಯ ಇಳಿಜಾರು, ಎಸ್ಟಿಮೇಟಿನಲ್ಲಿ ಬಂಡೆ ಒಡೆಯುವ ಲೆಕ್ಕ ಕಡಿಮೆ. ಕೆರೆ ಏರಿ, ಎತ್ತರದ ಬದುಗಳ ತಲೆಯನ್ನೂ ಫಿಲ್ಟರ್ ಹೀಗೇ ಬೋಳಿಸುತ್ತದೆ. ಆದ್ದರಿಂದ ಬಂಡೆ ಸೀಮೆಯಲ್ಲಿ ಫಿಲ್ಟರ್ ಆದ ಮೇಲೆ ಮನುಷ್ಯರೇ ಕೂತು, ಡ್ರೋನ್ ಫೋಟೊ ಪಕ್ಕದಲ್ಲಿಟ್ಟುಕೊಂಡು, ಸೀಳು ಸೀಳಾಗಿ ನೋಡಿ ಸರಿಮಾಡಬೇಕು. ಈ ಕೆಲಸಕ್ಕೆ ಹಾರಾಟಕ್ಕಿಂತ ಹೆಚ್ಚು ದಿನ ಹಿಡಿಯುತ್ತದೆ. ‘ನಾಲ್ಕು ದಿನದಲ್ಲಿ ಫೈನಲ್ ಡೇಟಾ’ ಅಂದವರು ಈ ಹಂತ ಬಿಟ್ಟಿದ್ದಾರೆ ಎಂದೇ ತಿಳಿಯಿರಿ. ಲೇಸರ್ ಹೇಳುವುದು ಬಂಡೆಯ ಮೇಲ್ಮೈಯನ್ನು ಮಾತ್ರ. ಮಣ್ಣಿನಡಿ ಬಂಡೆ ಎಷ್ಟು ಆಳಕ್ಕಿದೆ, ಎರೆಮಣ್ಣು ಎಷ್ಟು ದಪ್ಪ ಇದೆ ಎಂಬುದಕ್ಕೆ ಗುಂಡಿ ತೋಡಲೇಬೇಕು.

ಯಾವ ಹಂತಕ್ಕೆ ಯಾವುದು

ರಸ್ತೆ ಯಾವ ಊರಿನ ಯಾವ ಮಗ್ಗುಲಲ್ಲಿ ಹೋಗಬೇಕು ಎಂದು ಇನ್ನೂ ಗೊತ್ತಿಲ್ಲ ಅನ್ನುವ ಹಂತದಲ್ಲಿ ಸರ್ವೆಗೆ ದುಡ್ಡೇ ಹಾಕಬೇಡಿ. ಇಸ್ರೋ ಭುವನ್‌ನಲ್ಲಿ ಕಾರ್ಟೋಸ್ಯಾಟ್ ಚಿತ್ರಗಳಿಂದ ಮಾಡಿದ 30 ಮೀಟರಿನ ಎತ್ತರದ ಡೇಟಾ ಪುಕ್ಕಟೆ ಸಿಗುತ್ತದೆ. 2000ದಲ್ಲಿ ಅಮೆರಿಕದ ಬಾಹ್ಯಾಕಾಶ ನೌಕೆ ರೇಡಾರಿನಿಂದ ಅಳೆದ ಎಸ್‌ಆರ್‌ಟಿಎಂ ಕೂಡ ಪುಕ್ಕಟೆ. ಎತ್ತರದಲ್ಲಿ ಕೆಲವು ಮೀಟರ್ ತಪ್ಪಿರುತ್ತದೆ. ಆದರೆ ಗುಡ್ಡದ ಯಾವ ಕಣಿವೆ ಸುಲಭ, ಎಷ್ಟು ಹಳ್ಳ ದಾಟಬೇಕು ಎಂದು ತೂಗಲು ಅಷ್ಟು ಸಾಕು. ರಾಜ್ಯ ಸರ್ಕಾರದ ‘ದಿಶಾಂಕ್’ ಆ್ಯಪಿನಲ್ಲಿ ಸರ್ವೆ ನಂಬರ್ ಪಕ್ಕಕ್ಕಿಟ್ಟುಕೊಂಡರೆ ಯಾರ ಜಮೀನು ಮುರಿಯುತ್ತದೆ ಎಂಬ ಅಂದಾಜೂ ಸಿಗುತ್ತದೆ. ಅಂದಾಜು ಮಾತ್ರ, ಕೋರ್ಟಿಗೆ ಒಯ್ಯುವ ದಾಖಲೆ ಅಲ್ಲ.

ಎರಡು ಮೂರು ದಾರಿ ಉಳಿದ ಮೇಲೆ ಆಕಾಶದ ಲೇಸರ್ ತನ್ನ ಬೆಲೆ ತೀರಿಸುತ್ತದೆ. ನಡೆದು ಮಾಡುವ ಸರ್ವೆಯಲ್ಲಿ ಸೆಂಟರ್ ಲೈನ್ (ರಸ್ತೆಯ ನಡುಗೆರೆ) ಮೊದಲೇ ಗೊತ್ತಿರಬೇಕು. 50 ಮೀಟರಿಗೊಂದು, ತಿರುವಿನಲ್ಲಿ 20–25 ಮೀಟರಿಗೊಂದು ಕ್ರಾಸ್ ಸೆಕ್ಷನ್ (ರಸ್ತೆಗೆ ಅಡ್ಡಲಾಗಿ ನೆಲದ ಸೀಳುನೋಟ) ತೆಗೆದು ಬಂದ ಮೇಲೆ ಲೈನ್ 40 ಮೀಟರ್ ಎಡಕ್ಕೆ ಸರಿಸಿ ಎಂದು ಮೇಲಿನವರು ಹೇಳಿದರೆ ಮತ್ತೆ ಹೊಲಕ್ಕೆ ಹೋಗಬೇಕು. ಲೈಡಾರಿನಲ್ಲಿ 300–400 ಮೀಟರ್ ಅಗಲದ ಪಟ್ಟಿಯೇ ಒಮ್ಮೆಗೇ ಸಿಕ್ಕಿರುತ್ತದೆ, ಆಫೀಸಿನಲ್ಲಿ ಕೂತು ಎಷ್ಟು ಸಲ ಬೇಕಾದರೂ ಲೈನ್ ಎಳೆದು ಕಟಿಂಗ್–ಫಿಲ್ಲಿಂಗ್ (ಮಣ್ಣು ಕಡಿಯುವ, ತುಂಬುವ ಲೆಕ್ಕ) ಹೋಲಿಸಬಹುದು. ಊರವರ ಸಭೆಯಲ್ಲಿ ‘ಗುಡಿ ಉಳಿಸಿ, ಲೈನ್ ಆಚೆ ತಳ್ಳಿ’ ಎಂಬ ಬೇಡಿಕೆ ಬರದ ಬೈಪಾಸು ನಮ್ಮ ಕಡೆ ಎಲ್ಲಿದೆ ಹೇಳಿ. ಆ ಸಭೆಯ ಮಾರನೇ ದಿನವೇ ಪರ್ಯಾಯದ ಖರ್ಚು ಹೇಳಲು ಆಗುವುದು ಈ ಅಗಲದ ಪಟ್ಟಿಯಿಂದ.

ಈಗಿರುವ ರಸ್ತೆಯನ್ನೇ ಅಗಲ ಮಾಡುವುದು, ಮೇಲೆ ಹೊಸ ಪದರ ಹಾಕುವುದು ಎಂದಾದರೆ ಲೆಕ್ಕ ತಿರುಗುತ್ತದೆ. ಡಾಂಬರಿನ ಮೇಲಿನ ಪದರದ ದಪ್ಪವೇ ಸಾಮಾನ್ಯವಾಗಿ 30ರಿಂದ 50 ಮಿ.ಮೀ. ಆಕಾಶದಿಂದ ಬಂದ ಲೆವೆಲ್ಲಿನಲ್ಲಿ 5 ಸೆಂ.ಮೀ. ತಪ್ಪಿದೆ ಅಂದರೆ ಒಂದು ಪದರವೇ ಹೋಯಿತು. ಪ್ರೊಫೈಲ್ ಸರಿಮಾಡಲು ಎಷ್ಟು ಡಾಂಬರು ಬೇಕು ಎಂಬ ಲೆಕ್ಕಕ್ಕೆ ಅದು ಉಪಯೋಗಕ್ಕೆ ಬರುವುದಿಲ್ಲ. ಅಲ್ಲಿ ಆಟೊ ಲೆವೆಲ್ (ಮಟ್ಟ ನೋಡುವ ದುರ್ಬೀನು) ಇಟ್ಟು ಸ್ಟಾಫ್ (ಅಳತೆಗೋಲು) ಹಿಡಿಯುವ ಹಳೇ ಕೆಲಸವೇ ಬೇಕು. ಉದ್ದದ ಹೆದ್ದಾರಿಯಾದರೆ ಗಾಡಿ ಮೇಲೆ ಲೇಸರ್ ಕಟ್ಟಿ ಓಡಿಸುವ ಮೊಬೈಲ್ ಲೈಡಾರ್ ಮಾಡಿಸಬಹುದು. ರಾಷ್ಟ್ರೀಯ ಹೆದ್ದಾರಿ 48ರಂಥ ಕಡೆ ಲಾರಿಗಳ ನಡುವೆ ಪ್ರಿಸಂ ಹಿಡಿದು ನಿಲ್ಲುವ ಹುಡುಗರ ಪ್ರಾಣದ ದೃಷ್ಟಿಯಿಂದಲೂ ಗಾಡಿಯೇ ಮೇಲು. ಆದರೆ ಗಾಡಿಗೆ ರಸ್ತೆ ಬದಿಯ ಚರಂಡಿಯಾಚೆ, ಏರಿಯ ಕೆಳಗೆ ಏನೂ ಕಾಣುವುದಿಲ್ಲ. ಬದಿಗೆ ಡ್ರೋನ್, ಡಾಂಬರಿಗೆ ಗಾಡಿ, ಎರಡನ್ನೂ ಒಂದೇ ಬೆಂಚ್ ಮಾರ್ಕಿಗೆ (ಎತ್ತರ ಗೊತ್ತಿರುವ ಕಲ್ಲು) ಕಟ್ಟುವುದು: ಅಗಲೀಕರಣಕ್ಕೆ ಈ ಜೋಡಿ ಸರಿಹೋಗುತ್ತದೆ.

ಮೂರು ನಾಲ್ಕು ಕಿ.ಮೀ. ಹಳ್ಳಿ ರಸ್ತೆಗೆ ಲೈಡಾರ್ ಬೇಡ. ಡಿಜಿಪಿಎಸ್ (ಹೆಚ್ಚು ನಿಖರದ ಜಿಪಿಎಸ್), ಟೋಟಲ್ ಸ್ಟೇಷನ್, ನಾಲ್ಕು ಜನ ಸಾಕು.

ಡ್ರೋನೋ, ವಿಮಾನವೋ

ಡ್ರೋನ್ ನೆಲದಿಂದ 100 ಮೀಟರ್ ಎತ್ತರದಲ್ಲಿ 70 ಡಿಗ್ರಿ ಅಗಲಕ್ಕೆ ಲೇಸರ್ ಬೀಸಿದರೆ ಒಂದು ಸಲಕ್ಕೆ ಸುಮಾರು 140 ಮೀಟರ್ ಪಟ್ಟಿ ಬರುತ್ತದೆ. ಒಂದರ ಮೇಲೊಂದು ಹೊದೆಯುವಂತೆ ನಾಲ್ಕು ಸಾಲು ಹಾರಿದರೆ ಬೈಪಾಸಿಗೆ ಬೇಕಾದ ಅಗಲ ಸಿಗುತ್ತದೆ. ಬ್ಯಾಟರಿ ಅರ್ಧ ಗಂಟೆಯ ಆಸುಪಾಸು. ಪೈಲಟ್ ಜೀಪಿನಲ್ಲಿ ಹಿಂದೆ ಹಿಂದೆ ಹೋಗುತ್ತಾ ಇರಬೇಕು. ವಿಮಾನ ಅಥವಾ ಹೆಲಿಕಾಪ್ಟರಿಗೆ ಬರುವ ಖರ್ಚಿನಲ್ಲಿ ದೊಡ್ಡ ಪಾಲು ಅದನ್ನು ತರಿಸುವುದಕ್ಕೆ, ಅನುಮತಿಗೆ. ಹಾರಿದ ಮೇಲೆ 20 ಕಿ.ಮೀ.ಗೂ 200 ಕಿ.ಮೀ.ಗೂ ಅಂಥ ವ್ಯತ್ಯಾಸ ಇಲ್ಲ. ಹಾಗಾಗಿ ಹಿರಿಯೂರು–ಚಳ್ಳಕೆರೆ–ಬಳ್ಳಾರಿಯ 150ಎ ಥರದ ಹೆದ್ದಾರಿಯ ನೂರಾರು ಕಿ.ಮೀ.ಗೆ ವಿಮಾನ ಯೋಚಿಸಬಹುದು. ದಾವಣಗೆರೆಗೋ ಹೊಳಲ್ಕೆರೆಗೋ ಒಂದು ಬೈಪಾಸಿಗೆ ಡ್ರೋನೇ ಸೈ. ಬಿಂದುಗಳ ದಟ್ಟಣೆಯಲ್ಲೂ ಕೆಳಗೆ ಹಾರುವ ಡ್ರೋನೇ ಮುಂದು.

2021ರ ಡ್ರೋನ್ ನಿಯಮದಂತೆ ಹಸಿರು ವಲಯದಲ್ಲಿ 400 ಅಡಿವರೆಗೆ ಮುಂಚಿತ ಅನುಮತಿ ಬೇಡ. ಆದರೆ ಲೈಡಾರ್ ಹೊರುವ ಡ್ರೋನ್ ಸಾಮಾನ್ಯವಾಗಿ 2 ಕೆ.ಜಿ. ದಾಟುತ್ತದೆ. ನೋಂದಣಿ ಸಂಖ್ಯೆ, ಪೈಲಟ್ ಸರ್ಟಿಫಿಕೇಟ್ ಎರಡನ್ನೂ ಕೇಳಿ ನೋಡಿ. ಕೇಂದ್ರ ಸರ್ಕಾರದ ಡಿಜಿಟಲ್ ಸ್ಕೈ ಎಂಬ ವಾಯುವಲಯ ನಕ್ಷೆಯಲ್ಲಿ ವಲಯ ಯಾವ ಬಣ್ಣ ಎಂದು ಕೆಲಸ ಒಪ್ಪುವ ಮುಂಚೆಯೇ ನೋಡಬೇಕು, ಚಳ್ಳಕೆರೆ ತಾಲ್ಲೂಕಿನಲ್ಲಂತೂ ಖಂಡಿತ. ಕುದಾಪುರದ ಸುತ್ತ ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ಕೇಂದ್ರವೇ ಇದೆ. ಅಲ್ಲಿ ಡ್ರೋನ್ ಎತ್ತಿ ಆಮೇಲೆ ಸಮಜಾಯಿಷಿ ಕೊಡಲು ಹೋಗಬೇಡಿ. 2021ರ ಫೆಬ್ರುವರಿಯ ಕೇಂದ್ರದ ಮಾರ್ಗಸೂಚಿ ನಕ್ಷೆ ಮಾಡುವ ಕೆಲಸಕ್ಕೆ ಬಾಗಿಲು ತೆರೆದಿದೆ ನಿಜ, ಆದರೆ ಇಷ್ಟು ಸೂಕ್ಷ್ಮದ ಡೇಟಾ ಮಾಡುವ ಹಕ್ಕು ಭಾರತೀಯ ಸಂಸ್ಥೆಗಳಿಗೆ ಮಾತ್ರ.

ಆಷಾಢದ ಗಾಳಿಯಲ್ಲಿ ಚಿತ್ರದುರ್ಗದ ಗುಡ್ಡದ ಮೇಲೆ ಡ್ರೋನ್ ಹಾರಿಸುವ ಯೋಚನೆ ಬಿಡಿ. ಗಾಳಿಯಂತ್ರ ನಿಲ್ಲಿಸಿದವರು ಆ ಜಾಗ ಸುಮ್ಮನೆ ಆರಿಸಿಕೊಂಡಿಲ್ಲ. ಆ ಯಂತ್ರಗಳೂ ಒಂದು ಗಂಡಾಂತರವೇ. ಡ್ರೋನಿಗೆ ನೆಲದ ಏರಿಳಿತ ಅನುಸರಿಸಿ ಹಾರು ಎಂದು ಹೇಳಲು ಸಾಮಾನ್ಯವಾಗಿ ಪುಕ್ಕಟೆಯ ಉಪಗ್ರಹ ಡೇಟಾ ಹಾಕಿರುತ್ತಾರೆ. ಅದರಲ್ಲಿ ಗಾಳಿಯಂತ್ರವೂ ಇಲ್ಲ, ಹೈಟೆನ್ಷನ್ ಟವರೂ ಇಲ್ಲ. ಹೊಸ ಯಂತ್ರಗಳ ರೆಕ್ಕೆ ತುದಿ 100 ಮೀಟರ್ ದಾಟುತ್ತದೆ. ಹಾರುವ ಹಿಂದಿನ ದಿನ ಗುಡ್ಡ ಹತ್ತಿ ಬರಬೇಕು.

ಹೈಟೆನ್ಷನ್ ಲೈನಿನ ವಿಷಯದಲ್ಲಿ ಮಾತ್ರ ಲೈಡಾರಿಗೆ ಸಾಟಿಯಿಲ್ಲ. ಗುತ್ತೂರು, ಹಿರಿಯೂರು ಸ್ಟೇಷನ್ನುಗಳ ಕಡೆಯ 400 ಕೆವಿ ತಂತಿ ಎಷ್ಟು ಜೋತಿದೆ ಎಂಬುದು ಪಾಯಿಂಟ್ ಕ್ಲೌಡಿನಲ್ಲಿ ದಾರ ಎಳೆದಂತೆ ಕಾಣುತ್ತದೆ. ಫೋಟೊ ಸರ್ವೆಯಲ್ಲಿ ತಂತಿ ಬಹುತೇಕ ಸಿಗುವುದೇ ಇಲ್ಲ. ಬಿಸಿಲಿಗೆ, ಹರಿಯುವ ಕರೆಂಟಿಗೆ ತಂತಿ ಇನ್ನಷ್ಟು ಜೋಲುತ್ತದೆ. ಹಾಗಾಗಿ ಹಾರಿಸಿದ ಹೊತ್ತು, ಉಷ್ಣಾಂಶ ಬರೆದಿಡಿ.

ಎಲ್ಲ ಹೋಲಿಕೆಗೂ ಕೆಳಗಿರುವ ಕಲ್ಲು

ಯಾವುದನ್ನೇ ಆರಿಸಿ, ನೆಲದ ಮೇಲೆ ಕಾಂಕ್ರೀಟಿನಲ್ಲಿ ಕೂರಿಸಿದ ಕಂಟ್ರೋಲ್ ಪಾಯಿಂಟ್ (ಸ್ಥಾನ, ಎತ್ತರ ಖಚಿತವಾಗಿ ಅಳೆದಿಟ್ಟ ಗುರುತು) ಸರಿಯಿಲ್ಲದಿದ್ದರೆ ಎಲ್ಲವೂ ನೀರಿನಲ್ಲಿ ಹೋಮ. ದರ ಚೌಕಾಶಿಯಲ್ಲಿ ಮೊದಲು ಕತ್ತರಿ ಬೀಳುವುದೂ ಇದಕ್ಕೇ.

ಇಲ್ಲಿ ಎಡವಿ ಬೀಳುವ ಎರಡು ಗುಂಡಿಗಳಿವೆ. ಮೊದಲನೆಯದು ಎತ್ತರದ್ದು. ಜಿಎನ್‌ಎಸ್‌ಎಸ್ ಹೇಳುವ ಎತ್ತರ ಲೆಕ್ಕಕ್ಕೆಂದು ಕಲ್ಪಿಸಿದ ನುಣುಪು ಭೂಗೋಳದ ಮೇಲಿನದು, ಸಮುದ್ರಮಟ್ಟದಿಂದ ಅಲ್ಲ. ನಮ್ಮ ಭಾಗದಲ್ಲಿ ಇವೆರಡರ ನಡುವೆ 80 ಮೀಟರಿನ ಆಸುಪಾಸು ವ್ಯತ್ಯಾಸ. ದಾವಣಗೆರೆ ಸಮುದ್ರಮಟ್ಟದಿಂದ 600 ಮೀಟರಿನಷ್ಟು ಎತ್ತರ ಎಂದು ಎಲ್ಲರಿಗೂ ಗೊತ್ತು, ಕಚ್ಚಾ ಡೇಟಾದಲ್ಲಿ 520ರ ಹತ್ತಿರ ಕಂಡರೆ ಗಾಬರಿಯಾಗಬೇಡಿ. ಪೂರಾ 80 ಮೀಟರ್ ತಪ್ಪಿದರೆ ಯಾರಾದರೂ ಹಿಡಿಯುತ್ತಾರೆ. ಆ ವ್ಯತ್ಯಾಸ ಊರಿಂದೂರಿಗೆ ನಿಧಾನ ಬದಲಾಗುವುದು ಮಾತ್ರ ಕಣ್ಣಿಗೆ ಬೀಳುವುದಿಲ್ಲ. ಒಂದು ತುದಿಯಲ್ಲಿ ಮಾತ್ರ ಬೆಂಚ್ ಮಾರ್ಕಿಗೆ ಕಟ್ಟಿ 30 ಕಿ.ಮೀ. ಓಡಿದರೆ ಇನ್ನೊಂದು ತುದಿಯಲ್ಲಿ ಚರಂಡಿ ನೀರು ಹಿಂದಕ್ಕೆ ಹರಿಯುವಷ್ಟು ತಪ್ಪು ಸೇರಿರಬಹುದು. ಸರ್ವೆ ಆಫ್ ಇಂಡಿಯಾದ ಬೆಂಚ್ ಮಾರ್ಕಿನಿಂದ ಹೊರಟು, ದಾರಿಯುದ್ದಕ್ಕೂ ಕಂಟ್ರೋಲ್ ಪಾಯಿಂಟುಗಳಿಗೆ ಆಟೊ ಲೆವೆಲ್ಲಿನಲ್ಲಿ ಲೆವೆಲ್ ಒಯ್ದು, ಇನ್ನೊಂದು ಬೆಂಚ್ ಮಾರ್ಕಿನಲ್ಲಿ ಮುಗಿಸಬೇಕು. ಬೇಸರದ ಕೆಲಸ, ಬಿಸಿಲಿನ ಕೆಲಸ, ಬಿಡುವಂತಿಲ್ಲ. ಸರ್ವೆ ಆಫ್ ಇಂಡಿಯಾದ ಕೋರ್ಸ್ (CORS, ಸದಾ ಚಾಲೂ ಇರುವ ಉಪಗ್ರಹ ಸ್ಥಾನಮಾಪನ ಕೇಂದ್ರಗಳ) ಜಾಲ ಕರ್ನಾಟಕದಲ್ಲಿ ಇರುವುದರಿಂದ ಅಡ್ಡ–ಉದ್ದದ ಸ್ಥಾನಕ್ಕೆ ಈಗ ಬೇಸ್ ಸಿಗುವುದು ಸುಲಭ. ಎತ್ತರಕ್ಕೆ ಲೆವೆಲ್ಲಿಂಗೇ ಗತಿ.

ಎರಡನೇ ಗುಂಡಿ ಉದ್ದದ್ದು. ಲೈಡಾರ್ ಡೇಟಾ ಬರುವುದು ಯುಟಿಎಂ (ದುಂಡು ಭೂಮಿಯನ್ನು ಚಪ್ಪಟೆ ಹಾಳೆಗೆ ಇಳಿಸುವ ಪದ್ಧತಿ) 43ನೇ ವಲಯದ ನಕ್ಷೆಯಲ್ಲಿ. ಆ ನಕ್ಷೆಯ ಮೇಲಿನ ಒಂದು ಕಿ.ಮೀ. ಮತ್ತು ಟೇಪ್ ಹಿಡಿದು ನೆಲದ ಮೇಲೆ ಅಳೆದ ಒಂದು ಕಿ.ಮೀ. ಒಂದೇ ಅಲ್ಲ. ದಾವಣಗೆರೆ ಬಳಿ ನಕ್ಷೆಯ ಅಳತೆ ಕಿ.ಮೀ.ಗೆ ಸುಮಾರು 35 ಸೆಂ.ಮೀ. ಕಡಿಮೆ ಬರುತ್ತದೆ, ಚಿತ್ರದುರ್ಗದ ಬಳಿ 20 ಸೆಂ.ಮೀ.ಗೆ ಸ್ವಲ್ಪ ಮೇಲೆ. 30 ಕಿ.ಮೀ.ಗೆ ಕೂಡಿಸಿದರೆ ಚೈನೇಜಿನಲ್ಲಿ (ರಸ್ತೆಯ ಆರಂಭದಿಂದ ಅಳೆದ ದೂರ) ಹತ್ತು ಮೀಟರಿನವರೆಗೂ ಹೋಗುತ್ತದೆ. ಲೈಡಾರಿನಲ್ಲಿ ಡಿಸೈನ್ ಮಾಡಿ, ಟೋಟಲ್ ಸ್ಟೇಷನ್ನಿನಲ್ಲಿ ಮಾರ್ಕ್ ಮಾಡುವಾಗ ಮೋರಿ ಹಳ್ಳ ಬಿಟ್ಟು ಪಕ್ಕಕ್ಕೆ ಕೂರುವುದು ಹೀಗೆ. ಮೊದಲೇ ಸ್ಕೇಲ್ ಫ್ಯಾಕ್ಟರ್ (ನಕ್ಷೆಯ ಅಳತೆಗೂ ನೆಲದ ಅಳತೆಗೂ ಇರುವ ಅನುಪಾತ) ಒಪ್ಪಿಕೊಂಡು ಡ್ರಾಯಿಂಗಿನ ಮೂಲೆಯಲ್ಲಿ ಬರೆದರೆ ಮುಗಿಯಿತು.

ಆಕಾಶದಿಂದ ಆಗದ್ದು

ಮೋರಿಯ ಒಳತಳ ಮೇಲಿನಿಂದ ಕಾಣುವುದಿಲ್ಲ. ಪ್ರತಿ ಮೋರಿಗೂ ಇಳಿದು ತೂಬಿನ ಅಳತೆ, ತಳದ ಲೆವೆಲ್ ತೆಗೆಯಬೇಕು. ಹರಿಹರದಲ್ಲಿ ತುಂಗಭದ್ರೆಗೆ ಸೇತುವೆ ಎಂದಾದರೆ ನದಿತಳಕ್ಕೆ ದೋಣಿ, ಎಕೋ ಸೌಂಡರ್ (ಸದ್ದಿನಿಂದ ಆಳ ಅಳೆಯುವ ಯಂತ್ರ) ಬೇಕು. ನೀರೊಳಗೆ ಇಳಿಯುವ ಹಸಿರು ಲೇಸರ್ ಇದೆ ನಿಜ, ಆದರೆ ಅದಕ್ಕೆ ತಿಳಿನೀರು ಬೇಕು, ನಮ್ಮ ಹೊಳೆಯ ಕೆಂಪುನೀರಿಗೆ ಅದು ಆಗದು. ನೆರೆ ಎಲ್ಲಿವರೆಗೆ ಬಂದಿತ್ತು ಎಂದು ದಂಡೆಯ ಊರಿನ ಹಿರಿಯರನ್ನೇ ಕೇಳಿ. ಹಿರಿಯೂರಿನ ಕೆಳಗೆ ವೇದಾವತಿ ದಾಟುವ ರಸ್ತೆ ಮಾಡುವವರು ಇದನ್ನು ಮರೆಯಬಾರದು: 1933ರ ಮೇಲೆ ವಾಣಿ ವಿಲಾಸ ಸಾಗರ ಕೋಡಿ ಬಿದ್ದದ್ದು 2022ರಲ್ಲಿ. ಅಷ್ಟು ವರ್ಷ ಒಣಗಿದ್ದ ಹೊಳೆಯ ಪಾಯಿಂಟ್ ಕ್ಲೌಡಿನಲ್ಲಿ ಹರಿವಿನ ಜಾಗ ಯಾವುದು, ಜಾಲಿಪೊದೆ ಯಾವುದು ಎಂದು ಲೇಸರ್ ಹೇಳಲಾರದು.

ಹದ್ದಿನ ಕಲ್ಲು, ಪಹಣಿ, ಪೋಡಿ ಆಗದ ಜಮೀನಿನ ತಕರಾರು, ಇವು ಯಾವುವೂ ಡೇಟಾದಲ್ಲಿ ಬರುವುದಿಲ್ಲ. ಭೂಸ್ವಾಧೀನಕ್ಕೆ ಸರ್ಕಾರಿ ಭೂಮಾಪಕರ ಜೊತೆ ಜಂಟಿ ಅಳತೆ ಆಗಲೇಬೇಕು. ಮರಗಳ ಎತ್ತರ ಲೈಡಾರ್ ಹೇಳುತ್ತದೆ, ಮರ ಬೇವೋ ಹುಣಸೆಯೋ ಹೇಳುವುದಿಲ್ಲ. ಪರಿಹಾರ ಕೊಡಬೇಕಾದ್ದು ಮರದ ಜಾತಿ ನೋಡಿ.

ಕೆಲಸ ಕೊಡುವ ಕಾಗದದಲ್ಲಿ ಬರೆಯಬೇಕಾದ್ದು

‘ಅಕ್ಯುರಸಿ 5 ಸೆಂ.ಮೀ.’ ಎಂಬ ಒಂದು ಸಾಲನ್ನು ಬಿಡಿಸಿ ಬರೆಸಿ. ತಪ್ಪುಗಳ ಒಂದು ಬಗೆಯ ಸರಾಸರಿಯಾದ ಆರ್‌ಎಂಎಸ್‌ಇ 5 ಸೆಂ.ಮೀ. ಅಂದರೆ ನೂರರಲ್ಲಿ ತೊಂಬತ್ತೈದು ಬಿಂದು ಸುಮಾರು 10 ಸೆಂ.ಮೀ. ಒಳಗೆ ಎಂದರ್ಥ, ಎಲ್ಲ ಬಿಂದುವೂ 5ರೊಳಗೆ ಅಂತಲ್ಲ. ಡಾಂಬರು–ಬೋಳು ನೆಲದ ಮೇಲೆ ಎಷ್ಟು, ಗಿಡ–ಬೆಳೆಯ ಕೆಳಗೆ ಎಷ್ಟು ಎಂದು ಬೇರೆ ಬೇರೆ ಕೇಳಿ. ಪರೀಕ್ಷೆಯ ಬಿಂದುಗಳು ಕಂಟ್ರೋಲಿಗೆ ಬಳಸಿದವೇ ಆಗಿರಬಾರದು. ಐದಾರಲ್ಲ, ಮೂವತ್ತರ ಹತ್ತಿರ ಇರಲಿ, ಅರ್ಧ ಗಿಡದ ಕೆಳಗಿರಲಿ. ಅವನ್ನು ಹಾರಿಸಿದ ತಂಡ ಬಿಟ್ಟು ಬೇರೆಯವರು ಅಳೆಯಲಿ.

ಕಾಂಟೂರ್ ಡ್ರಾಯಿಂಗ್ ಮಾತ್ರ ತೆಗೆದುಕೊಂಡು ಸುಮ್ಮನಾಗಬೇಡಿ. ನೆಲ, ಗಿಡ, ಕಟ್ಟಡ ಎಂದು ವರ್ಗೀಕರಿಸಿದ ಪಾಯಿಂಟ್ ಕ್ಲೌಡಿನ ಎಲ್‌ಎಎಸ್ ಫೈಲ್, ಕಚ್ಚಾ ಜಿಎನ್‌ಎಸ್‌ಎಸ್ ಡೇಟಾ, ಫೋಟೊಗಳು, ಕಂಟ್ರೋಲ್ ಪಾಯಿಂಟಿನ ಚಿತ್ರಸಹಿತ ವಿವರ, ಬಳಸಿದ ಜಿಯಾಯ್ಡ್ (ಸಮುದ್ರಮಟ್ಟದ) ಮಾದರಿಯ ಹೆಸರು ಎಲ್ಲವೂ ನಿಮ್ಮ ಹಾರ್ಡ್ ಡಿಸ್ಕಿಗೆ ಬರಬೇಕು. ನಾಳೆ ಮಣ್ಣಿನ ಬಿಲ್ಲಿಗೆ ತಕರಾರು ಬಂದಾಗ, ಕೆಲಸ ಶುರುವಾಗುವ ಮುಂಚಿನ ನೆಲ ಹೇಗಿತ್ತು ಎನ್ನುವುದಕ್ಕೆ ಅದೇ ಸಾಕ್ಷಿ. ನೆಲ ಸರಿಯಾಗಿ ಸಿಗದ ಜಾಗಗಳನ್ನು ನಕ್ಷೆಯಲ್ಲಿ ಬಣ್ಣ ಹಾಕಿ ತೋರಿಸುವುದೂ ಷರತ್ತಿನಲ್ಲಿ ಇರಲಿ. ಎಲ್ಲೂ ಬಣ್ಣವಿಲ್ಲದ ನಕ್ಷೆ ತಂದುಕೊಟ್ಟರೆ ಅನುಮಾನ ಪಡಿ. ಬಣ್ಣದ ಜಾಗಕ್ಕೆ ಟೋಟಲ್ ಸ್ಟೇಷನ್ ಕಳಿಸುವ ದಿನಗೂಲಿ ದರವನ್ನು ಮೊದಲೇ ಕೊಟೇಶನ್ನಿನಲ್ಲಿ ಸೇರಿಸಿಕೊಳ್ಳಿ, ಆಮೇಲೆ ಕೇಳಿದರೆ ದರ ಬೇರೆಯೇ ಇರುತ್ತದೆ. ಕೊನೆಯ ಕಂತಿನ ಹಣವನ್ನು ನೀವೇ ಆರಿಸಿದ ಚೈನೇಜುಗಳಲ್ಲಿ, ಒಂದು ತೋಟದೊಳಗೆ, ಒಂದು ಬಂಡೆಯ ಬಳಿ, ಒಂದು ಕೆರೆ ಏರಿಯ ಮೇಲೆ, ಅಡ್ಡ ಸೆಕ್ಷನ್ ತೆಗೆದು ಹೋಲಿಸಿ ನೋಡಿದ ಮೇಲೆ ಬಿಡಿ.